ಮೊಟ್ಟೆಯ ಬಣ್ಣಕ್ಕೆ ಜಾಮೀನು ಯಾರು?

ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನು ಹೊಕ್ಕ ಮೇಲೆ ನಮ್ಮ ಸಣ್ಣ ಬೆಳೆಗಾರರ ಮನೆಗಳಲ್ಲಿ ಕೋಳಿಯ ಲೆಕ್ಕ ಮೊದಲಿನಷ್ಟು ಹಗುರವಾಗಿ ಉಳಿದಿಲ್ಲ. ಅಡಿಕೆಯ ಹಣ ವರ್ಷಕ್ಕೊಮ್ಮೆ. ಮೊಟ್ಟೆಯ ಹಣ ವಾರವಾರ, ಅದೂ ಮನೆಯ ಹೆಂಗಸರ ಕೈಗೆ. ಆದಕಾರಣ ಸಂತೆಯಲ್ಲಿ ಈ ಮೊಟ್ಟೆಗೆ ಆಗುತ್ತಿರುವ ಅನ್ಯಾಯದ ಬಗ್ಗೆ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ವ್ಯಾಪಾರಿ ಬುಟ್ಟಿಗೆ ಕೈಹಾಕಿ ಕಂದು ಮೊಟ್ಟೆಗಳನ್ನು ಆರಿಸಿ ನಾಟಿಯ ದರ ಕೊಡುತ್ತಾನೆ. ಬಿಳಿಚಿದವನ್ನು ‘ಇವು ಫಾರಂ ಮೊಟ್ಟೆ’ ಎಂದು ಕಡಿಮೆಗೆ ಕೇಳುತ್ತಾನೆ. ಎರಡೂ ಒಂದೇ ಅಂಗಳದಲ್ಲಿ ಕೆದಕಿ ತಿಂದ ಕೋಳಿಗಳವು! ಹೀಗಾಗಿ ಸದಸ್ಯರು ಮರಿ ಕೊಳ್ಳುವಾಗಲೇ ‘ಇದು ಯಾವ ಬಣ್ಣದ ಮೊಟ್ಟೆ ಇಡುತ್ತದೆ?’ ಎಂದು ಕೇಳತೊಡಗಿದ್ದಾರೆ. ಮಾರುವವನು ಕಿವಿಯ ಹಾಲೆ ತೋರಿಸಿ, ಕೆಂಪಾಗಿದ್ದರೆ ಕಂದು, ಬಿಳುಪಾಗಿದ್ದರೆ ಬಿಳಿ ಎಂದು ಭರವಸೆ ಕೊಟ್ಟು ಹಣ ಎಣಿಸಿಕೊಳ್ಳುತ್ತಾನೆ.

ಈ ಹಾಲೆಯ ಲೆಕ್ಕ ಶುದ್ಧ ತಳಿಗಳಲ್ಲಿ ಬಹುಮಟ್ಟಿಗೆ ಸರಿ. ಲೆಗಾರ್ನ್‌ಗೆ ಬಿಳಿ ಹಾಲೆ, ಬಿಳಿ ಮೊಟ್ಟೆ. ರೋಡ್ ಐಲೆಂಡ್ ರೆಡ್‌ಗೆ ಕೆಂಪು ಹಾಲೆ, ಕಂದು ಮೊಟ್ಟೆ. ಆದರೆ ಹಾಲೆಯ ಬಣ್ಣ, ಮೊಟ್ಟೆಯ ಬಣ್ಣ ಬೇರೆ ಬೇರೆ ಗುಣಗಳು. ತಳಿ ಬೆರೆತ ಮೇಲೆ ಅವು ಜೊತೆಯಾಗಿಯೇ ಬರಬೇಕೆಂಬ ಕಟ್ಟುಪಾಡಿಲ್ಲ. ಮೈ, ಮಾಂಸ ಎಲ್ಲವೂ ಕಪ್ಪಾದ ಕಡಕ್‌ನಾಥ್ ಕೂಡ ಇಡುವುದು ಕೆನೆಬಣ್ಣದ ಮೊಟ್ಟೆಯನ್ನೇ.

ಮೊಟ್ಟೆಗೆ ಚಿಪ್ಪು ಕಟ್ಟಲು ಕೋಳಿಯ ಹೊಟ್ಟೆಯಲ್ಲಿ ಸುಮಾರು 20 ಗಂಟೆ ಬೇಕು. ಕಂದು ಬಣ್ಣದ ಹೆಚ್ಚಿನ ಪಾಲು ಬೀಳುವುದು ಕೊನೆಯ ಕೆಲವು ಗಂಟೆಗಳಲ್ಲಿ, ಹೊರಮೈಗೆ. ಒಡೆದು ನೋಡಿದರೆ ಒಳಮೈ ಬಹುತೇಕ ಬಿಳಿಯೇ. ಚಿಲಿ ದೇಶದ ಅರೌಕಾನಾ ಕೋಳಿಯ ನೀಲಿ ಮೊಟ್ಟೆ ಮಾತ್ರ ಒಳಗೂ ಹೊರಗೂ ನೀಲಿ. ಆ ನೀಲಿಗೆ ಒಂದೇ ಜೀನು ಕಾರಣವೆಂದು 1933ರಲ್ಲೇ ಪನ್ನೆಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅಲ್ಲಿ ಮುಂದಿನ ಪೀಳಿಗೆಯ ಲೆಕ್ಕ ಹಾಕಬಹುದು. ನಮ್ಮ ಕಂದು ಬಣ್ಣ ಹಾಗಲ್ಲ, ಹಲವು ಜೀನುಗಳ ಕೂಡುವಿಕೆ. ಲೆಗಾರ್ನ್‌ಗೂ ಕಂದು ತಳಿಗೂ ಹುಟ್ಟಿದ ಹೇಂಟೆ ಸಾಮಾನ್ಯವಾಗಿ ನಡುವಿನ ಬಣ್ಣದ ಮೊಟ್ಟೆ ಇಡುತ್ತದೆ. ಅದರ ಮಕ್ಕಳಲ್ಲಿ ಬಿಳಿಯಿಂದ ಕಂದಿನವರೆಗೆ ಎಲ್ಲ ಛಾಯೆಯೂ ಬರಬಹುದು. ರೊಬಸ್ಟಾ ಬೆಳೆಯುವವರಿಗೆ ಇದು ಹೊಸ ಮಾತಲ್ಲ. ಒಳ್ಳೆಯ ಗಿಡದ ಬೀಜ ಹಾಕಿದರೆ ಅದೇ ಗಿಡ ಹುಟ್ಟದೆಂದೇ ಅಲ್ಲವೇ ನಾವು ಕಸಿ ಕಟ್ಟುವುದು? ಕೋಳಿಗೆ ಕಸಿ ಕಟ್ಟಲಾಗದು.

ಅರ್ಧ ಪಾಲು ಹುಂಜನದು. ಮೊಟ್ಟೆ ಇಡದ ಅದರ ಗುಣ ಕಣ್ಣಿಗೆ ಕಾಣದು. ಅದರ ತಾಯಿ, ಒಡಹುಟ್ಟಿದ ಹೇಂಟೆಗಳ ಮೊಟ್ಟೆ ನೋಡಿಯೇ ಊಹಿಸಬೇಕು. ಬಣ್ಣ ಬೇಕೇಬೇಕೆನ್ನುವವರು ಗಾಢ ಮೊಟ್ಟೆ ಇಡುವ ಹೇಂಟೆಯವನ್ನೇ ಕಾವಿಗಿಟ್ಟು, ಹುಂಜವನ್ನೂ ಅಂಥದೇ ತಾಯಿಯ ಮರಿಗಳಿಂದ ಆರಿಸುತ್ತ ನಾಲ್ಕಾರು ಪೀಳಿಗೆ ತಾಳಿಕೊಳ್ಳಲಿ. ಆಗಲೂ ಒಂದೇ ಹೇಂಟೆ ವರ್ಷವಿಡೀ ಒಂದೇ ಬಣ್ಣ ಇಡುವುದಿಲ್ಲ. ಶುರುವಿನ ಮೊಟ್ಟೆ ಗಾಢ, ಇಡುತ್ತ ಇಡುತ್ತ ತಿಳಿ. ಸೆಕೆ, ಬೆದರಿಕೆಗೂ ಬಣ್ಣ ಇಳಿಯುತ್ತದೆ. ಕಂದು ಮೊಟ್ಟೆ ಇಡುತ್ತಿದ್ದ ಇಡೀ ಹಿಂಡಿನದೂ ಒಮ್ಮೆಲೇ ಬಿಳಿಚಿ, ಚಿಪ್ಪು ಸುಕ್ಕುಗಟ್ಟಿದರೆ ಮಾತ್ರ ರೋಗದ ಶಂಕೆಯಿಂದ ಪಶುವೈದ್ಯರನ್ನು ಕರೆಸಬೇಕು.

ಇಷ್ಟಾಗಿ, ವ್ಯಾಪಾರಿಯ ಪರೀಕ್ಷೆಯೇ ತಲೆಕೆಳಗು. ಅಸಲು ನಾಟಿ ಕೋಳಿಯ ಮೊಟ್ಟೆ ಎಷ್ಟೋ ಬಾರಿ ಕೆನೆಬಣ್ಣದ್ದು. ಕಂದು ಮೊಟ್ಟೆಗೆ ಹೆಸರಾದ ಗಿರಿರಾಜ, ಗ್ರಾಮಪ್ರಿಯಗಳು ಸುಧಾರಿತ ತಳಿಗಳು. ಪಂಜರದಲ್ಲಿ ಸಾಕಿದ ಹೈಬ್ರಿಡ್ ಕೋಳಿಗಳೂ ಕಂದು ಮೊಟ್ಟೆ ಇಡುತ್ತವೆ. ಇನ್ನು ಬಿಳಿ ಮೊಟ್ಟೆಯನ್ನು ಚಹಾದ ಕಷಾಯದಲ್ಲಿ ಅದ್ದಿ ನಾಟಿ ಮಾಡುವ ಜಾಣರ ಕಥೆ ಬೇರೆ! ಚಿಪ್ಪಿನ ಬಣ್ಣದಿಂದ ಪೌಷ್ಟಿಕತೆಯೂ ಕೂಡದು, ಕಳೆಯದು. ಒಳಗಿನ ಹಳದಿ ಗಾಢವಾಗುವುದು ಕೋಳಿ ತಿಂದ ಸೊಪ್ಪು, ಮೆಕ್ಕೆಜೋಳದಿಂದ.

‘ಗಿರಾಕಿಯ ಕಣ್ಣು ಕೇಳಿದ್ದನ್ನು ಕೊಡಬೇಕು, ಅಡಿಕೆಗೂ ಬಣ್ಣ ನೋಡುವುದಿಲ್ಲವೇ?’ ಎಂದು ನಮ್ಮ ಕೆಲವು ನಿರ್ದೇಶಕರು ವಾದಿಸುತ್ತಾರೆ. ಅಡಿಕೆಯ ಬಣ್ಣ ನಾವು ಕೊಯ್ದ ಹದ, ಬೇಯಿಸಿದ ಚೊಗರು, ಒಣಗಿಸಿದ ಬಿಸಿಲು ಇವುಗಳ ಲೆಕ್ಕ ಹೇಳುತ್ತದೆ. ಅದಕ್ಕೆ ಬೆಲೆ ಕಟ್ಟುವುದು ನ್ಯಾಯ. ಮೊಟ್ಟೆಯ ಚಿಪ್ಪು ಹೆಚ್ಚಾಗಿ ಹೇಳುವುದು ಹೇಂಟೆಯ ಅಪ್ಪ ಅಮ್ಮ ಯಾರೆಂಬುದನ್ನು. ಅದಕ್ಕಾಗಿ ಸಾಕಿದ ಹೆಂಗಸಿನ ದುಡ್ಡು ಕತ್ತರಿಸುವುದು ನಮಗೆ ಒಪ್ಪಿಗೆಯಿಲ್ಲ.

ನಮ್ಮ ಸಂಘದ ಮಳಿಗೆಯಲ್ಲಾದರೂ ಅಂಗಳದ ಮೊಟ್ಟೆಯನ್ನು ಬಣ್ಣ ನೋಡದೆ ತೂಕಕ್ಕೆ ಕೊಳ್ಳಬೇಕು. ಇಟ್ಟ ದಿನಾಂಕ, ತಂದ ಮನೆಯ ಸದಸ್ಯ ಸಂಖ್ಯೆಗಳನ್ನು ತಟ್ಟೆಯ ಮೇಲೆ ಬರೆದಿಟ್ಟು ಮಾರಬೇಕು. ಈ ಸೂಚನೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಕೋಳಿ ಸಾಕುವ ಮನೆಗಳಿಂದ ಗಂಡಸರಷ್ಟೇ ಬಾರದೆ, ಮೊಟ್ಟೆ ಮಾರುವವರೂ ಬಂದು ಮಾತನಾಡಬೇಕಾಗಿ ಕೋರುತ್ತೇವೆ.