ಬಿಡುವಿಗೆ ಬೇತಮಂಗಲ ಸಾಕು

ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಮೊಬೈಲ್‌ನಲ್ಲಿ ಕೆರಿಬಿಯನ್ ಕಡಲತೀರದ ರೆಸಾರ್ಟ್ ನೋಡುವವರಲ್ಲಿ ನಾನೂ ಒಬ್ಬ. ನೀಲಿ ನೀರು, ಖಾಲಿ ಕುರ್ಚಿ, ಸದ್ದಿಲ್ಲದ ಸಂಜೆ. ಅದರಲ್ಲಿ ನಮಗೆ ನಿಜಕ್ಕೂ ಬೇಕಿರುವುದು ಆ ಬಿಡುವು.

2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ನಮ್ಮೂರಿನ ದುಡಿಮೆ ಬೆಂಗಳೂರಿನ ರೈಲು ಹತ್ತಿತು. ಓದು, ಇಂಟರ್‌ವ್ಯೂ, ಪ್ರಯಾಣಗಳ ನಡುವೆ ಒಂದು ಗಂಟೆ ಸುಮ್ಮನೆ ಕೂತರೂ ತಪ್ಪು ಮಾಡಿದಂತೆ ಅನಿಸುತ್ತದೆ.

ಗಣಿ ಊರಿಗೆ ಕುಡಿಯುವ ನೀರು ಕೊಟ್ಟ, ಪಾಲಾರ್ ನದಿಯ ಬೇತಮಂಗಲ ಕೆರೆ ಹತ್ತಿರದಲ್ಲೇ ಇದೆ. ಭಾನುವಾರ ಸಂಜೆ ದಡದಲ್ಲಿ ಕೂತು ಬನ್ನಿ, ಅದಕ್ಕೆ ಸಾಲ ಮಾಡಬೇಕಿಲ್ಲ. ನೆರಳು, ಬೆಂಚು, ಕಸದ ತೊಟ್ಟಿಯನ್ನು ಸ್ಥಳೀಯ ಆಡಳಿತ ನೋಡಿಕೊಳ್ಳಲಿ. ಪ್ಲಾಸ್ಟಿಕ್ ಎಸೆಯದಿರುವ ಹೊಣೆ ನಮ್ಮದು. ಕೆಲಸ ಹುಡುಕುವವರಿಗೂ ವಿಶ್ರಾಂತಿ ಬೇಕು. ಸೋಮವಾರದ ರೈಲು ಹೇಗೂ ತಪ್ಪಿದ್ದಲ್ಲ.