ಸುಟ್ಟ ಫ್ರಿಜ್‌ಗೆ ಹೊಣೆ ಯಾರು?

ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 2025ರ ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ವಸೂಲಿಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಒಪ್ಪಿಗೆ ನೀಡಿತು. ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಯ ಹೊರೆಗೆ ಹೀಗೆ ಹೆಗಲು ಕೊಡುವ ಗ್ರಾಹಕನ ನಷ್ಟಕ್ಕೆ ಮಾತ್ರ ಕೇಳುವವರಿಲ್ಲ. ಗಾಳಿಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ, 230 ವೋಲ್ಟ್ ಬರಬೇಕಾದ ಮನೆಗೆ 400ರ ಆಸುಪಾಸು ನುಗ್ಗಬಹುದು. ಬಲ್ಬು ಝಗ್ಗೆಂದು ಉರಿಯುತ್ತದೆ, ಮರುಕ್ಷಣವೇ ಟಿ.ವಿ. ಹಿಂದಿನಿಂದ ಸುಟ್ಟ ವಾಸನೆ. ಒಂದೇ ಸೈಟಿನಲ್ಲಿ ಮೂರು–ನಾಲ್ಕು ಬಾಡಿಗೆ ಮನೆಗಳಿರುವ ಬೆಂಗಳೂರಿನ ಮತ್ತಿಕೆರೆಯಂಥ ಕಡೆ ಪೆಟ್ಟು ಒಂದು ಮನೆಗೆ ನಿಲ್ಲುವುದಿಲ್ಲ. ಸಹಾಯವಾಣಿ 1912ಕ್ಕೆ ಕರೆ ಮಾಡಿದರೆ ತಂತಿ ಸರಿಹೋದೀತು. ಫ್ರಿಜ್ ರಿಪೇರಿಯ ಖರ್ಚು ಮನೆಯವರದೇ.

ಸೇವಾ ಗುಣಮಟ್ಟ ತಪ್ಪಿದರೆ ಪರಿಹಾರ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ. ಆದರೆ ಅದರಡಿಯ ನಿಯಮಗಳು ಲೆಕ್ಕ ಹಿಡಿಯುವುದು ಮುಖ್ಯವಾಗಿ ದೂರು ಬಗೆಹರಿಸುವಲ್ಲಿನ ವಿಳಂಬವನ್ನು, ಸುಟ್ಟ ಸಾಮಾನನ್ನಲ್ಲ. ಮನೆಯೊಳಗಿನ ವೈರಿಂಗ್, ಅರ್ತಿಂಗ್ ಸರಿಯಿಲ್ಲದಿದ್ದರೆ ಮಾಲೀಕರೇ ಹೊಣೆ, ಒಪ್ಪೋಣ. (ಬಾಡಿಗೆದಾರರಿಗೆ ಅದರ ಮೇಲೆ ಹಿಡಿತವಿರುವುದು ಅಷ್ಟಕ್ಕಷ್ಟೆ.) ಆದರೆ ಮೀಟರಿನ ಆಚೆಗಿನ ದೋಷಕ್ಕೆ ಬೆಸ್ಕಾಂ ಹೊಣೆ ಹೊರಲೇಬೇಕು. ದೂರು ಬಂದ ತಕ್ಷಣ ಸ್ಥಳ ಪರಿಶೀಲಿಸಿ, ಕಾರಣವನ್ನು ಗ್ರಾಹಕರಿಗೆ ಲಿಖಿತವಾಗಿ ಕೊಡಬೇಕು. ಒಂದೇ ಟ್ರಾನ್ಸ್‌ಫಾರ್ಮರ್‌ನಡಿಯ ಹಲವು ಮನೆಗಳಲ್ಲಿ ಏಕಕಾಲಕ್ಕೆ ಹಾನಿಯಾದರೆ, ತಪ್ಪು ತನ್ನದಲ್ಲವೆಂದು ಸಾಬೀತುಪಡಿಸುವ ಭಾರ ಕಂಪನಿಯ ಮೇಲಿರಲಿ. ದರ ಏರಿಕೆಯ ಅರ್ಜಿಗಳನ್ನು ವರ್ಷವರ್ಷವೂ ಆಲಿಸುವ ಕೆಇಆರ್‌ಸಿ, ಉಪಕರಣ ಹಾನಿಯ ಪರಿಹಾರವನ್ನು ಗುಣಮಟ್ಟ ನಿಯಮಗಳಿಗೆ ಸೇರಿಸಬೇಕು.