ಕಾರಿಗೆ ಕೋನ್ ಫಿಲ್ಟರ್: ಆವಾಜ ಬಂತು, ಎಂಜಿನ್ ಉಳೀತದಾ?

ಗೋಕಾಕ: ಗಾಡಿ ಎಳಿತಿಲ್ಲ ಅನ್ನೋ ದೂರಿಗೆ ಈಗ ಗ್ಯಾರೇಜುಗಳಲ್ಲಿ ಸಿಗುವ ಸಲೀಸಾದ ಉತ್ತರ ಒಂದೇ, ‘ಕೋನ್ ಫಿಲ್ಟರ್ ಹಾಕಸ್ರಿ’. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಆ ಜಾಗಕ್ಕೆ ಪೈಪು, ಅದರ ತುದಿಗೆ ಕೆಂಪು ಇಲ್ಲವೇ ನೀಲಿ ಬಣ್ಣದ ಶಂಕುವಿನಾಕಾರದ ಫಿಲ್ಟರ್. ಅರ್ಧ ತಾಸಿನ ಕೆಲಸ. ಆಕ್ಸಿಲೇಟರ್ ತುಳಿದರೆ ಬುಸ್ ಅಂತ ಆವಾಜ. ಹುಡುಗರಿಗೆ ಖುಷಿ.

ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ರಸ್ತೆಗಳು ಬೆಂಗಳೂರಿನ ರಸ್ತೆಗಳಲ್ಲ. ಇಲ್ಲಿ ಚಳಿಗಾಲ ಪೂರ್ತಿ ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ಮಳೆಗಾಲದಲ್ಲಿ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು. ಈ ಎರಡರ ನಡುವೆ ಎಂಜಿನ್ನಿನ ಮೂಗು ಬದಲಿಸುವುದು ಎಷ್ಟರ ಮಟ್ಟಿಗೆ ಲಾಭ, ಎಷ್ಟರ ಮಟ್ಟಿಗೆ ಲುಕ್ಸಾನು?

ಡಬ್ಬಿ ಸುಮ್ನೆ ಇಟ್ಟಿದ್ದಲ್ಲ

ಕಂಪನಿ ಕೊಟ್ಟ ಕಪ್ಪು ಡಬ್ಬಿಯನ್ನು ಬಹಳ ಜನ ‘ಜಾಗ ತಿನ್ನೋ ಪ್ಲಾಸ್ಟಿಕ್’ ಅಂತಲೇ ತಿಳಿದಿದ್ದಾರೆ. ಅದು ಮಾಡುವ ಕೆಲಸ ನಾಲ್ಕು. ಧೂಳು ತಡೆಯುತ್ತದೆ. ಎಂಜಿನ್ನಿನ ಬಿಸಿ ಗಾಳಿ ಬಿಟ್ಟು ಹೊರಗಿನ ತಂಪು ಗಾಳಿ ಎಳೆದುಕೊಳ್ಳುತ್ತದೆ. ಆವಾಜ ಕಡಿಮೆ ಮಾಡುತ್ತದೆ. ಗಾಳಿ ಎಳೆಯುವ ಬಾಯಿ ಸಾಮಾನ್ಯವಾಗಿ ಬಾನೆಟ್ಟಿನ ಮೇಲ್ಭಾಗದಲ್ಲಿ, ಹೆಡ್‌ಲೈಟಿನ ಮಟ್ಟಕ್ಕೆ ಇರುವುದರಿಂದ ರಸ್ತೆ ನೀರು ಒಳಗೆ ಹೋಗದಂತೆ ಕಾಯುತ್ತದೆ.

ಇದನ್ನು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಗಾಳಿ ಎಳೆಯುವ ಬಾಯಿ ಎತ್ತರದಲ್ಲಿ ಯಾಕೆ ಇರುತ್ತದೆ, ಹಳೆಯ ಟ್ರ್ಯಾಕ್ಟರುಗಳ ಆಯಿಲ್ ಬಾತ್ ಫಿಲ್ಟರಿನ ಎಣ್ಣೆ ಯಾಕೆ ಬದಲಿಸಬೇಕು ಎಂಬುದು ಮನೆಯ ಸಣ್ಣ ಹುಡುಗನಿಗೂ ಗೊತ್ತು. ಟ್ರ್ಯಾಕ್ಟರಿನ ಫಿಲ್ಟರ್ ಕಿತ್ತು ಆವಾಜಿಗಾಗಿ ಬೇರೆ ಹಾಕಿಸುವ ರೈತ ಸಿಗುವುದಿಲ್ಲ. ಅದೇ ಮನೆಯ ಅಂಗಳದಲ್ಲಿ ನಿಂತ ಕಾರಿಗೆ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ.

ಪವರ್ ನಿಜಕ್ಕೂ ಬರ್ತದಾ?

ಬರುತ್ತದೆ ಎಂದೇ ಮಾರಾಟ ನಡೆಯುತ್ತದೆ. ಆದರೆ ಬೇರೆ ಯಾವ ಬದಲಾವಣೆಯೂ ಇಲ್ಲದ ಸಾದಾ ಕಾರಿಗೆ ಬರೀ ಫಿಲ್ಟರ್ ಬದಲಿಸಿದರೆ ಸಿಗುವ ಹೆಚ್ಚಳ ಬಹಳ ಕಡಿಮೆ. ನಗರದ ಓಡಾಟದಲ್ಲಿ ಅದು ಕಾಲಿಗೆ ಗೊತ್ತಾಗುವುದೂ ಕಷ್ಟ. ಗೊತ್ತಾಗುವುದು ಆವಾಜ. ಆವಾಜ ಜೋರಾದರೆ ಗಾಡಿ ಓಡಿದಂಗ ಅನಸ್ತದ, ಅಷ್ಟೇ.

ಕೋನ್ ಫಿಲ್ಟರನ್ನು ಬಾನೆಟ್ ಒಳಗೇ ಬಿಚ್ಚು ಬಿಟ್ಟರೆ ಅದು ರೇಡಿಯೇಟರ್ ಮತ್ತು ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ, ಯರಗಟ್ಟಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತ ಗಾಡಿ ಮೊದಲಿಗಿಂತ ಮಂದವಾದರೂ ಅಚ್ಚರಿಯಿಲ್ಲ.

ಹಳೆಯ ಪೇಪರ್ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದ್ದರೆ ಗಾಡಿ ಎಳೆಯುವುದಿಲ್ಲ ಎಂಬುದು ನಿಜ. ಅದಕ್ಕೆ ಔಷಧ ಹೊಸ ಪೇಪರ್ ಫಿಲ್ಟರ್. ಸಾಮಾನ್ಯ ಕಾರುಗಳಿಗೆ ಅದು ಕೆಲವು ನೂರು ರೂಪಾಯಿಯ ಮಾತು. ಕೋನ್ ಕಿಟ್ಟಿಗೆ ಸಾವಿರಗಳ ಲೆಕ್ಕ.

ಹಂಗಾಮಿನ ಧೂಳು

ಸಂಕೇಶ್ವರದ ಹಿರಣ್ಯಕೇಶಿ ಇರಲಿ, ಪ್ರಭಾನಗರದ ಕಾರ್ಖಾನೆ ಇರಲಿ, ಕಬ್ಬು ನುರಿಸುವ ಹಂಗಾಮು ಶುರುವಾದರೆ ಹೊಲದ ದಾರಿಗಳೆಲ್ಲ ಪುಡಿ ಮಣ್ಣು. ಎರೆಮಣ್ಣಿನ ಈ ನುಣುಪು ಧೂಳಿನಲ್ಲಿ ಮರಳಿನ ಕಣಗಳೂ ಇರುತ್ತವೆ. ಅವು ಸಿಲಿಂಡರಿನೊಳಗೆ ಹೋದರೆ ಉಪ್ಪಿನ ಕಾಗದ ತಿಕ್ಕಿದಂತೆ. ಪಿಸ್ಟನ್ ರಿಂಗ್ ಸವೆಯುತ್ತದೆ, ಎಂಜಿನ್ ಆಯಿಲ್ ತಿನ್ನಲು ಶುರು ಮಾಡುತ್ತದೆ, ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಅದರ ರೆಕ್ಕೆಗಳೂ ತಿನ್ನಿಸಿಕೊಳ್ಳುತ್ತವೆ.

ಇಲ್ಲಿ ತಪ್ಪು ಫಿಲ್ಟರಿನದೇ ಎಂದೇನಿಲ್ಲ. ಒಳ್ಳೆಯ ಕಂಪನಿಯ ಫಿಲ್ಟರ್ ಹಾಕಿಯೂ ಜೋಡಣೆ ಸಡಿಲಾಗಿದ್ದರೆ ಧೂಳು ಫಿಲ್ಟರಿನ ಹಿಂದಿನ ಸಂದಿಯಿಂದ ಸೋಸದೆಯೇ ಒಳಗೆ ನುಗ್ಗುತ್ತದೆ. ಎಂಜಿನ್ ಹಾಳಾಗುವುದು ಬಹಳ ಸಲ ಹೀಗೆಯೇ. ನೆಲದ ಮೇಲೆ ಎಣ್ಣೆ ಸೋರುವುದಿಲ್ಲ, ಸದ್ದೂ ಇಲ್ಲ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಹೊಗೆ ಕಾಣಿಸಿದಾಗಲೇ ಗೊತ್ತಾಗುವುದು.

ಹಾಕಿಸುವವರು ನೋಡಬೇಕಾದ್ದು

ಇಷ್ಟಾದರೂ ಹಾಕಿಸಲೇಬೇಕು ಅನ್ನುವವರು ಗ್ಯಾರೇಜಿನಲ್ಲಿ ಮೊಬೈಲ್ ನೋಡುತ್ತ ಕೂರಬಾರದು. ಎದುರು ನಿಂತು ಈ ವಿಷಯ ಖಾತ್ರಿ ಮಾಡಿಕೊಳ್ಳುವುದು ಒಳಿತು.

ಎಂಜಿನ್ ಅಲುಗಾಡುತ್ತದೆ, ಬಾಡಿ ಅಷ್ಟು ಅಲುಗಾಡುವುದಿಲ್ಲ. ಎರಡರ ನಡುವೆ ಬರೀ ಗಟ್ಟಿ ಪೈಪು ಇದ್ದರೆ ಒಂದಿಲ್ಲ ಒಂದು ಕಡೆ ಬಿಡುತ್ತದೆ. ಅದಕ್ಕೆ ರಬ್ಬರ್ ಜೋಡಣೆ ಬೇಕು. ಪೈಪಿನ ಭಾರ ಹೊರಲು ಬ್ರಾಕೆಟ್ ಬೇಕು, ಬ್ರಾಕೆಟ್ಟಿನ ಬೋಲ್ಟಿಗೆ ರಬ್ಬರ್ ಬುಷ್ ಬೇಕು. ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿ ‘ನಡೀತದ್ರಿ’ ಅಂದರೆ ಒಪ್ಪಬಾರದು. ಎಂಜಿನ್ ಬಿಸಿಗೆ ಅದು ಗಡಸಾಗಿ ಮುರಿಯುತ್ತದೆ.

ಕ್ಲ್ಯಾಂಪ್ ಪೈಪಿನ ಅಂಚಿನ ಮೇಲೆ ಅರ್ಧ ಕೂರಬಾರದು, ಪೂರ್ತಿ ಒಳಗೆ ಕೂರಬೇಕು. ಅತಿ ಬಿಗಿ ಮಾಡಿದರೆ ರಬ್ಬರ್ ಸೀಳುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು, ಬಿಸಿ ತಂಪಾಗಿ ರಬ್ಬರ್ ಕುಗ್ಗಿರುತ್ತದೆ.

ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇರಬೇಕು. ಎಂಜಿನ್ನಿನಿಂದ ಬರುವ ಸಣ್ಣ ಉಸಿರು ಪೈಪನ್ನು ಬಿಚ್ಚಿ ಬಿಡಬಾರದು, ಹೊಸ ಪೈಪಿಗೆ ಜೋಡಿಸಬೇಕು. ತೊಳೆದು ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದು ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಇಂಥ ಸಣ್ಣ ತಪ್ಪಿಗೂ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹೊತ್ತಿಕೊಳ್ಳಬಹುದು.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ತಿಂಗಳ ನಂತರ ಎಂಜಿನ್ ಬಂದ್ ಮಾಡಿ, ಫಿಲ್ಟರ್ ಬಿಚ್ಚಿ, ಅದರ ಹಿಂದಿನ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸೋಸದ ಗಾಳಿ ಹೋಗುತ್ತಿದೆ ಎಂದೇ ಅರ್ಥ. ಹಳೆಯ ಡಬ್ಬಿಯನ್ನು ಗುಜರಿಗೆ ಹಾಕದೆ ಮನೆಯಲ್ಲಿ ಇಟ್ಟುಕೊಂಡವರೇ ಜಾಣರು.

ನೀರಿನ ಲೆಕ್ಕ ಬೇರೆ

ಧೂಳು ವರ್ಷಗಳಲ್ಲಿ ಮಾಡುವ ಹಾನಿಯನ್ನು ನೀರು ಒಂದು ಕ್ಷಣದಲ್ಲಿ ಮಾಡುತ್ತದೆ. ತಂಪು ಗಾಳಿ ಸಿಗಲಿ ಅಂತ ಕೆಲವರು ಪೈಪನ್ನು ಕೆಳಗಿಳಿಸಿ, ಬಂಪರಿನ ಹಿಂದೆ ಅಥವಾ ಚಕ್ರದ ಪಕ್ಕ ಫಿಲ್ಟರ್ ಕೂಡಿಸುತ್ತಾರೆ. ಅಲ್ಲಿಂದ ರಸ್ತೆಗೆ ಅಂತರ ಬಹಳ ಇರುವುದಿಲ್ಲ.

2019ರ ಆಗಸ್ಟಿನ ಪ್ರವಾಹವನ್ನು ಗೋಕಾಕ ಮರೆತಿಲ್ಲ. ನಗರದ ಅಂಚಿನ ಲೋಳಸೂರ ಸೇತುವೆ ಆಗ ಮುಳುಗಿತ್ತು, 2024ರ ಮಳೆಗಾಲದಲ್ಲೂ ನೀರು ಮೇಲೆ ಹರಿಯಿತು. 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟರೆ ಗೋಕಾಕ, ಮೂಡಲಗಿ ತಾಲೂಕಿನ ಹೊಳೆದಂಡೆಯ ತಗ್ಗು ರಸ್ತೆಗಳ ಸ್ಥಿತಿ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಪ್ರವಾಹವೇ ಬೇಕಿಲ್ಲ. ಜೋರು ಮಳೆಗೆ ಹಳ್ಳ ತುಂಬಿ ಮೊಣಕಾಲುದ್ದ ನೀರು ನಿಂತರೂ ಸಾಕು.

ಎಂಜಿನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅಲ್ಲೇ ತಡೆದು, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ಒಡೆಯುತ್ತದೆ. ನೀರಿನಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಸೆಲ್ಫ್ ಹೊಡೆಯಬಾರದು. ತಳ್ಳಿ ಹೊರಗೆ ತಂದು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಇನ್ಶೂರೆನ್ಸ್ ಇದೆಯಲ್ಲ ಅನ್ನುವವರು ಪಾಲಿಸಿ ತೆಗೆದು ಓದಬೇಕು. ನೀರು ಹೋಗಿ ಎಂಜಿನ್ ಒಳಭಾಗ ಹಾಳಾದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ, ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇರೆ ಕೊಳ್ಳಬೇಕು. ಅದು ಇದ್ದರೂ, ಕಂಪನಿಗೆ ತಿಳಿಸದೆ ಗಾಳಿಯ ಪೈಪು ಬದಲಿಸಿದ್ದರೆ ಕ್ಲೇಮಿನ ವೇಳೆ ಸರ್ವೇಯರ್ ಮೊದಲು ಕೇಳುವ ಪ್ರಶ್ನೆ ಅದೇ ಆಗಬಹುದು. ವಾರಂಟಿಯ ಮಾತೂ ಹಾಗೆಯೇ.

ಕಾನೂನು ಏನು ಹೇಳ್ತದ

ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182-ಎ ಅಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆವಾಜ ಮತ್ತು ಹೊಗೆಯ ಮಿತಿ ಮೀರಿದರೆ ಕಲಂ 190(2) ಅಡಿ 10,000 ರೂಪಾಯಿವರೆಗೆ ದಂಡ.

ಆರ್‌ಸಿ ಕಾರ್ಡಿನಲ್ಲಿ ಫಿಲ್ಟರಿನ ಹೆಸರು ಇರುವುದಿಲ್ಲ. ಅದೇ ಅಳತೆಯ, ಅದೇ ಡಬ್ಬಿಯಲ್ಲಿ ಕೂರುವ ಬೇರೆ ಕಂಪನಿಯ ಫಿಲ್ಟರ್ ಹಾಕಿದರೆ ಯಾರೂ ಕೇಳುವುದಿಲ್ಲ. ಡಬ್ಬಿಯನ್ನೇ ಕಿತ್ತು ಆವಾಜ ಎಬ್ಬಿಸಿಕೊಂಡು ತಿರುಗಿದರೆ ಮಾತ್ರ ತಪಾಸಣೆಗೆ ತಾವೇ ಆಮಂತ್ರಣ ಕೊಟ್ಟಂತೆ.

ಅಂಗಡಿಯವರಿಗೂ ಪಾಲಿದೆ

ಬಿಡಿಭಾಗದ ಅಂಗಡಿಯವರು, ಗ್ಯಾರೇಜಿನವರು ‘ಗಿರಾಕಿ ಕೇಳಿದ, ಕೊಟ್ವಿ’ ಎಂದು ಕೈತೊಳೆದುಕೊಳ್ಳುವ ಕಾಲ ಮುಗಿದಿದೆ. 2020ರ ಜುಲೈನಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾರಿದವರನ್ನೂ ಸೇವೆ ಕೊಟ್ಟವರನ್ನೂ ಹೊಣೆಗಾರಿಕೆಯ ಒಳಗೆ ತಂದಿದೆ. ತಪ್ಪು ಜೋಡಣೆಯಿಂದ ಹಾನಿಯಾದರೆ ಗಿರಾಕಿ ಬೆಳಗಾವಿಯ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಬಿಲ್ಲು ಕೊಟ್ಟು, ಯಾವ ಗಾಡಿಗೆ ಯಾವ ಭಾಗ ಹಾಕಿದ್ದು ಎಂದು ಬರೆದಿಟ್ಟು, ‘ನೀರಿನ್ಯಾಗ ಇಳಸಬ್ಯಾಡ್ರಿ’ ಎಂದು ಮೊದಲೇ ಹೇಳಿದರೆ ಇಬ್ಬರಿಗೂ ಒಳ್ಳೆಯದು.

ಈ ಭಾಗದಲ್ಲಿ ಬಹಳಷ್ಟು ಕಾರುಗಳ ಕಂತು ಕಟ್ಟುವುದು ಕಬ್ಬಿನ ಬಿಲ್ಲು ಬಂದ ಮೇಲೆ. ಎಂಜಿನ್ ಬಿಚ್ಚಿ ಕಟ್ಟುವ ಖರ್ಚು ನಡುವೆ ಬಂದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಹಂಗಾಮಿನ ಧೂಳಿನಲ್ಲಿ ಕಂಪನಿಯ ಪೇಪರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಬೇಗ ಬದಲಿಸುವುದು, ಮಳೆಗೆ ಮುಂಚೆ ಡಬ್ಬಿಯ ಕ್ಲಿಪ್ಪು, ಪೈಪು ಬಿಗಿ ಇವೆಯೇ ನೋಡುವುದು, ಇಷ್ಟು ಮಾಡಿದರೆ ಗಾಡಿ ಎಳೆಯುತ್ತದೆ. ಆವಾಜ ಮಾತ್ರ ಬರುವುದಿಲ್ಲ.